ಶನಿವಾರದ ಚಿತ್ರಕಲೆ ತರಗತಿ

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ಶನಿವಾರದಿಂದ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಚಿತ್ರಕಲೆ ತರಗತಿ ಇರುತ್ತದೆ. ಶುಲ್ಕ ಇಲ್ಲ. "ಚಿತ್ರ ಬಿಡಿಸಿದರೆ ಹೊಟ್ಟೆ ತುಂಬುತ್ತಾ ಮೇಡಂ?" ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೇ ಆಂಡಿ ವಾರ್ಹಾಲ್ ಎಂಬ ಕಲಾವಿದನ ಬಾಲ್ಯದ ಬಗ್ಗೆ ಬರೆಯುತ್ತಿದ್ದೇನೆ.

ಆಂಡಿ ಹುಟ್ಟಿದ್ದು 1928ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಅಪ್ಪ ಅಮ್ಮ ಈಗಿನ ಸ್ಲೊವಾಕಿಯಾದ ಒಂದು ಹಳ್ಳಿಯಿಂದ ಹೋದವರು. ಅಪ್ಪನದು ಕೂಲಿ ಕೆಲಸ. ನಮ್ಮ ತೋಟಗಳ ಲೈನ್ ಮನೆಗಳಲ್ಲೂ ದೂರದ ಊರುಗಳಿಂದ ದುಡಿಯಲು ಬಂದವರಿದ್ದಾರೆ, ಅಲ್ವಾ?

ಚಿಕ್ಕಂದಿನಲ್ಲೇ ಹುಡುಗನಿಗೆ ಕೈಕಾಲು ತಾವಾಗಿಯೇ ಅದುರುವ ಕಾಯಿಲೆ ಬಂತು. ಶಾಲೆ ಬಿಟ್ಟು ಹಾಸಿಗೆ ಹಿಡಿದ. ತಾಯಿ ಜೂಲಿಯಾ ಬಣ್ಣ ತುಂಬುವ ಪುಸ್ತಕ, ಸಿನಿಮಾ ಪತ್ರಿಕೆ ತಂದುಕೊಟ್ಟರು. ಒಂದು ಪುಟ ಮುಗಿಸಿದರೆ ಒಂದು ಚಾಕೊಲೇಟ್. ಆ ತಾಯಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಖಾಲಿ ಡಬ್ಬಿಗಳ ತಗಡು ಕತ್ತರಿಸಿ ಹೂ ಮಾಡಿ ಮಾರುತ್ತಿದ್ದರು. ಮಗ ಅದನ್ನು ನೋಡುತ್ತಲೇ ಬೆಳೆದ. ಮುಂದೆ ಊರಿನ ಕಾರ್ನೆಗಿ ಮ್ಯೂಸಿಯಂನಲ್ಲಿ ಶನಿವಾರದ ಉಚಿತ ಚಿತ್ರಕಲೆ ತರಗತಿಗೆ ಸೇರಿದ. ನಾವು ಶನಿವಾರವನ್ನೇ ಆರಿಸಿಕೊಂಡಿದ್ದು ಇದನ್ನು ಓದಿಯೇ.

1942ರಲ್ಲಿ ಅಪ್ಪ ತೀರಿಕೊಂಡರು. ಆದರೆ ಈ ಮಗನ ಕಾಲೇಜಿಗೆಂದು ದುಡ್ಡು ಕೂಡಿಟ್ಟಿದ್ದರು. ಕೂಲಿ ದುಡಿದ ಆ ಮನುಷ್ಯನ ನಂಬಿಕೆ ದೊಡ್ಡದು. 1949ರಲ್ಲಿ ಆಂಡಿ ಕಲೆಯಲ್ಲೇ ಪದವಿ ಮುಗಿಸಿ ನ್ಯೂಯಾರ್ಕ್‌ಗೆ ಹೋದ. ಪತ್ರಿಕೆ, ಜಾಹೀರಾತುಗಳಿಗೆ ಚಪ್ಪಲಿ, ಶೂ ಬಿಡಿಸಿ ಚೆನ್ನಾಗಿಯೇ ದುಡಿದ. ಶಾಯಿಯಲ್ಲಿ ಗೆರೆ ಎಳೆದು, ಒಣಗುವ ಮೊದಲೇ ಇನ್ನೊಂದು ಕಾಗದಕ್ಕೆ ಒತ್ತುತ್ತಿದ್ದ. ಆಗ ಗೆರೆ ತುಂಡುತುಂಡಾಗಿ, ಚುಕ್ಕಿಚುಕ್ಕಿಯಾಗಿ ಮೂಡುತ್ತದೆ. ಮೊದಲ ತರಗತಿಯಲ್ಲಿ ಮಕ್ಕಳಿಗೆ ಇದನ್ನೇ ಮಾಡಿಸುತ್ತೇವೆ.

1962ರಲ್ಲಿ ಅಂಗಡಿಯಲ್ಲಿ ಸಿಗುವ ಸೂಪ್ ಡಬ್ಬಿಗಳನ್ನೇ 32 ಕ್ಯಾನ್ವಾಸ್‌ಗಳಲ್ಲಿ ಬಿಡಿಸಿ ಪ್ರದರ್ಶನಕ್ಕಿಟ್ಟ. ಅಡುಗೆಮನೆಯ ಡಬ್ಬಿಯೂ ಚಿತ್ರವಾಗಬಹುದು ಎನ್ನುವ ಈ ದಾರಿಗೆ ಪಾಪ್ ಕಲೆ ಎನ್ನುತ್ತಾರೆ.

ಹಾಗಾಗಿ ಕಾಫಿಪುಡಿ ಪ್ಯಾಕೆಟ್, ಬಿಸ್ಕತ್ ಹೊದಿಕೆ, ಬೆಂಕಿಪೊಟ್ಟಣ, ಹಳೇ ಕ್ಯಾಲೆಂಡರ್ ಬಿಸಾಡದೆ ಮಕ್ಕಳ ಕೈಯಲ್ಲಿ ಕಳಿಸಿ. ದುಬಾರಿ ಬಣ್ಣ ಬೇಡ. ಮಳೆಗೆ ರಜೆ ಸಿಕ್ಕಿ ಮಗು ಮನೆಯಲ್ಲೇ ಇದ್ದಾಗ ಮೊಬೈಲ್ ಬದಲು ಪೆನ್ಸಿಲ್ ಕೊಡಿ. ಬಿಡಿಸಿದ್ದನ್ನು ನೋಡಿ "ಇದೇನು?" ಎಂದು ಕೇಳಿ. ಸುಮ್ನೆ ಕೂತು ಅದು ಹೇಳುವುದನ್ನು ಕೇಳಿಸಿಕೊಳ್ಳಿ.

ಆನೆ ಓಡಾಡುವ ದಾರಿಯಲ್ಲಿ ನಡೆದು ಹೋಗುವ ಮಕ್ಕಳನ್ನು ಒಂಟಿಯಾಗಿ ಕಳಿಸುವುದಿಲ್ಲ. ಕರೆದೊಯ್ಯಲು ಯಾರು ಬರುತ್ತೀರಿ ಎಂದು ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಿಳಿಸಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ