ಭಾನುವಾರದ ಸಂಶೋಧನಾ ಚರ್ಚೆ: ಬಳಗದವರ ಗಮನಕ್ಕೆ

ಆತ್ಮೀಯರೇ, ಭಾನುವಾರ ಬೆಳಿಗ್ಗೆ 10 ಗಂಟೆಗೆ ನಡೆಯುವ ನಮ್ಮ ಚರ್ಚೆಯು ಉದ್ಯಮಶೀಲತೆ ಮತ್ತು ಸಮಾಜದ ಸಂಬಂಧವನ್ನು ಕುರಿತದ್ದಾಗಿದೆ. ಹೊಸ ಉತ್ಪನ್ನಗಳೂ ಹೊಸ ವಿಧಾನಗಳೂ ಹಳೆಯ ಉದ್ಯಮಗಳನ್ನು ಅಳಿಸುತ್ತಲೇ ಆರ್ಥಿಕತೆಯನ್ನು ಮುನ್ನಡೆಸುವುದನ್ನು ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 1942ರಲ್ಲಿ ‘ಸೃಜನಶೀಲ ವಿನಾಶ’ ಎಂದು ಕರೆದರು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡು, ಬಳಿಕ ಹತ್ತಿ ಗಿರಣಿಗಳು ಮುಚ್ಚಿದ್ದನ್ನು ಕಂಡ ದಾವಣಗೆರೆಯಲ್ಲಿ ಕುಳಿತು ಈ ಮಾತನ್ನು ಓದುವಾಗ, ಆ ವಿನಾಶದ ಹೊರೆ ಹೊತ್ತ ಕಾರ್ಮಿಕ ಕುಟುಂಬಗಳನ್ನು ಬಿಟ್ಟು ನಾವೀನ್ಯವನ್ನಷ್ಟೇ ಅಳೆಯುವ ಅಧ್ಯಯನ ಅಪೂರ್ಣವೆಂದೇ ನನಗನಿಸುತ್ತದೆ. ನಮ್ಮ ಮಂಡಕ್ಕಿ ಭಟ್ಟಿಗಳನ್ನೂ, ಅವುಗಳ ಹೊಗೆಯನ್ನು ಮರೆಯದೆ, ಇದೇ ದೃಷ್ಟಿಯಿಂದ ನೋಡಬೇಕಿದೆ. ಗಿರಣಿಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ, ಅವರ ಒಪ್ಪಿಗೆ ಪಡೆದು, ಗಿರಣಿ ಮುಚ್ಚಿದ ಮೇಲೆ ಅವರು ಹಿಡಿದ ಕಸುಬಿನ ವಿವರವನ್ನು ಒಂದು ಪುಟದಲ್ಲಿ ಬರೆದು ತರಬೇಕೆಂದು ಕೋರುತ್ತೇನೆ.