ಕತ್ತೆಕಿರುಬಕ್ಕೆ ಹೇಡಿಪಟ್ಟ ಯಾಕೆ?

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಆಫ್ರಿಕಾದ ಚುಕ್ಕೆ ಕತ್ತೆಕಿರುಬವನ್ನು 'ಕದ್ದು ತಿನ್ನುವ ಹೇಡಿ' ಎಂದಿದ್ದೀರಿ. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನಿಗೆ ಸುಮ್ನೆ ಕೂರಲು ಆಗಲಿಲ್ಲ. ತಾಂಜಾನಿಯಾದ ಗೊರೊಂಗೊರೊದಲ್ಲಿ ಪ್ರಾಣಿವಿಜ್ಞಾನಿ ಹಾನ್ಸ್ ಕ್ರೂಕ್ 1960ರ ದಶಕದಲ್ಲೇ ರಾತ್ರಿಯೆಲ್ಲ ಕಾದು ನೋಡಿದ್ದರು: ಬೇಟೆ ಕತ್ತೆಕಿರುಬದ್ದು, ಎಷ್ಟೋ ಸಲ ಕಸಿದು ತಿಂದದ್ದು ಸಿಂಹ!

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ದೊಡ್ಡ ಗಂಡು ಕತ್ತೆಕಿರುಬವೊಂದು ಪುಟ್ಟ ಮರಿಯ ಮುಂದೆ ಬಾಲ ಮುದುರಿ ದಾರಿ ಬಿಟ್ಟಿತು. ಮರಿಯ ತಾಯಿ ಗುಂಪಿನಲ್ಲಿ ಮೇಲಿನವಳಾದರೆ ಹೀಗೇ. ಸ್ಥಾನ ಬರುವುದು ತಾಯಿಯಿಂದ. ಅದರಲ್ಲೂ ಸಾಮಾನ್ಯವಾಗಿ ತಂಗಿ ಅಕ್ಕನಿಗಿಂತ ಮೇಲೆ. ಗಂಡು ಬೆಳೆದ ಮೇಲೆ ಬೇರೆ ಗುಂಪಿಗೆ ಹೋಗಿ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಮನೆ ಅಳಿಯನ ಪಾಡು, ಅಲ್ವಾ?

ಸತ್ತ ಜೀಬ್ರಾದ ಮೇಲೆ ಇಪ್ಪತ್ತು ಬಾಯಿ ಬಿದ್ದಾಗ ಯಾರು ಯಾರ ಮಗಳು ಎಂಬ ಲೆಕ್ಕ ತಲೆಯಲ್ಲಿರಬೇಕು. ನಮ್ಮ ಕೊಪ್ಪಳದ ಕಡೆಯ ಪಟ್ಟೆ ಕತ್ತೆಕಿರುಬ ಹೆಚ್ಚಾಗಿ ಒಂಟಿ. ಅದಕ್ಕಿಂತ ಚುಕ್ಕೆಯದರ ಮಿದುಳಿನಲ್ಲಿ ಇಂಥ ಲೆಕ್ಕಕ್ಕೆ ಬೇಕಾದ ಮುಂಭಾಗ ದೊಡ್ಡದು. ಈ ನೂಕುನುಗ್ಗಲಿನಲ್ಲಿ ಮರಿಗೆ ಜಾಸ್ತಿ ಉಣಿಸಬಲ್ಲ ಗಟ್ಟಿಗಿತ್ತಿ ತಾಯಂದಿರ ಸಂತತಿಯೇ ಉಳಿದುಬಂತು ಎನ್ನುತ್ತಾರೆ ಸಂಶೋಧಕರು.

ಮುಂದಿನ ವಾರ ಒಂದು ತಿದ್ದುಪಡಿ ಹಾಕುತ್ತೀರಾ?

— ನಿವೃತ್ತ ಶಿಕ್ಷಕ, ಗಂಗಾವತಿ