ನೀನು ಹೆಣ್ಣೆಂದ ಆ ಕಂದು ಹಕ್ಕಿ

ಗೆಳೆಯಾ,

ಕೋಸ್ಟರಿಕಾದಿಂದ ಕಳಿಸಿದ ಎರಡು ಫೋಟೊಗಳಿಗೆ ನೀನು ಬರೆದ ಉತ್ತರ ಓದಿ ನಕ್ಕೆ. ‘ನೀಲಿಯದು ಗಂಡು, ಕಂದು ಅದರ ಹೆಂಡತಿ’ ಎಂದು ಒಂದೇ ಏಟಿಗೆ ತೀರ್ಪು ಕೊಟ್ಟುಬಿಟ್ಟಿದ್ದೀಯ. ತಪ್ಪು ನಿನ್ನದಲ್ಲ. ಹಿತ್ತಿಲಿನ ಸೂರಕ್ಕಿಗಳನ್ನು ನೋಡಿ ಬೆಳೆದ ನಮಗೆ ಮಿರುಗುವುದೆಲ್ಲ ಗಂಡು, ಮಂಕಾಗಿರುವುದೆಲ್ಲ ಹೆಣ್ಣು. ಆದರೆ ಇವು ಹಮ್ಮಿಂಗ್‌ಬರ್ಡ್‌ಗಳು, ಅದೂ ಬೇರೆ ಬೇರೆ ಜಾತಿಯವು.

ಕಂದು ಹಕ್ಕಿ ಲಾಂಗ್-ಬಿಲ್ಡ್ ಹರ್ಮಿಟ್. ಉದ್ದ ಕೊಕ್ಕಿನ ಸನ್ಯಾಸಿ ಎಂದಿಟ್ಟುಕೋ. ಸಾರಾಪಿಕಿಯ ಕಾಡಿನಲ್ಲಿ ಮಳೆ ಬಿಟ್ಟ ಹೊತ್ತು. ಹೆಲಿಕೋನಿಯಾದ ಮುಂದೆ ನಿಂತಿದ್ದೆ (ನಮ್ಮಲ್ಲಿ ಅಂಗಳದ ಅಂಚಿಗೆ ಅಲಂಕಾರಕ್ಕೆ ನೆಡುತ್ತಾರಲ್ಲ, ಬಾಳೆಯಂಥ ಎಲೆಯ ಗಿಡ, ಅದೇ). ಕಿವಿಯ ಪಕ್ಕ ದೊಡ್ಡ ದುಂಬಿ ಹಾರಿದಂತೆ ಸದ್ದಾಯಿತು. ತಿರುಗಿದರೆ, ಮೂಗಿನಿಂದ ಎರಡು ಗೇಣು ದೂರದಲ್ಲಿ ಗಾಳಿಯಲ್ಲೇ ನಿಂತು ನನ್ನ ಕೆಂಪು ಮಳೆಕೋಟನ್ನು ಪರೀಕ್ಷಿಸುತ್ತಿದೆ! ಇದು ಹೂವಲ್ಲ ಎಂದು ಖಾತ್ರಿಯಾದದ್ದೇ ತಡ, ಬಾಲದ ಉದ್ದನೆಯ ಬಿಳಿ ಗರಿಗಳನ್ನು ಎಳೆದುಕೊಂಡು ಹೊರಟೇಹೋಯಿತು. ಬಾಗಿದ ಆ ಕೊಕ್ಕು ಹೆಲಿಕೋನಿಯಾದ ಬಾಗಿದ ಹೂವಿನೊಳಗೆ ಒರೆಯೊಳಗಿನ ಕತ್ತಿಯಂತೆ ಕೂರುತ್ತದೆ. ಒಂದೇ ಗಿಡಕ್ಕೆ ಕಾವಲು ಕೂರುವ ಜಾಯಮಾನ ಇದರದ್ದಲ್ಲ. ಮನೆಮನೆಗೆ ಹಾಲು ಹಾಕುವವನಂತೆ, ಗೊತ್ತಾದ ದಾರಿಯಲ್ಲಿ ಗಿಡದಿಂದ ಗಿಡಕ್ಕೆ ಸುತ್ತುತ್ತದೆ.

ಹೆಸರಷ್ಟೇ ಸನ್ಯಾಸಿಯದು. ಗಂಡುಗಳು ಪೊದೆಗಳ ನಡುವೆ ನೆರೆದು, ಒಂದೊಂದೂ ತನ್ನ ತನ್ನ ಕಡ್ಡಿಯ ಮೇಲೆ ಕುಳಿತು, ಬಾಲ ಕುಣಿಸುತ್ತ ಒಂದೇ ಸ್ವರವನ್ನು ಗಂಟೆಗಟ್ಟಲೆ ಹಾಡುತ್ತವೆ. ಹೆಣ್ಣು ಬಂದು ಆರಿಸಬೇಕು. ಆ ಒಂದು ಕಡ್ಡಿಗಾಗಿ ಕೊಕ್ಕಿನಿಂದಲೇ ತಿವಿದಾಡುತ್ತವೆ. ಅಲ್ಲೇ ಇರುವ ಲಾ ಸೆಲ್ವಾ ಸಂಶೋಧನಾ ಕೇಂದ್ರದಲ್ಲಿ ನಡೆದ ಅಧ್ಯಯನದ ಪ್ರಕಾರ, ಬಲಿತ ಗಂಡಿನ ಕೊಕ್ಕಿನ ತುದಿ ಹೆಣ್ಣಿನದಕ್ಕಿಂತ ಚೂಪು. ಅದು ಹೂವಿಗಾಗಿ ಅಲ್ಲ, ಎದುರಾಳಿಯ ಗಂಟಲಿಗಾಗಿ. ಬಣ್ಣದಲ್ಲಿ ಮಾತ್ರ ಗಂಡೂ ಹೆಣ್ಣೂ ಒಂದೇ ಕಂದು.

ನೀಲಿಯದು ವೈಟ್-ನೆಕ್ಡ್ ಜಾಕೊಬಿನ್. ಕಡುನೀಲಿ ತಲೆ, ಹಿಂಗತ್ತಿಗೆ ಬಿಳಿ ಪಟ್ಟಿ, ಬೀಸಣಿಗೆಯಂತೆ ಬಿಚ್ಚುವ ಬಿಳಿ ಬಾಲ. ಮರಗಳ ನೆತ್ತಿಯ ಹಕ್ಕಿ. ಸಕ್ಕರೆ ನೀರಿನ ಬಾಟಲಿ ತೂಗುಹಾಕಿದರೆ ಕೆಳಗಿಳಿದು ದಿನವಿಡೀ ಜಗಳ. ಚೆಲುವಿದೆ, ಒಪ್ಪುತ್ತೇನೆ. ಆದರೆ ಕ್ಯಾಲೆಂಡರ್ ಚಿತ್ರದ ಚೆಲುವು ಎನ್ನಿಸುತ್ತಿತ್ತು, ಅದರ ಕಥೆ ತಿಳಿಯುವವರೆಗೆ.

ಪನಾಮಾದ ಗ್ಯಾಂಬೊವಾದಲ್ಲಿ ಸಂಶೋಧಕರಾದ ಜೇ ಫಾಕ್ ಮತ್ತು ಸಂಗಡಿಗರು ಈ ಹಕ್ಕಿಗಳನ್ನು ಹಿಡಿದು ಗುರುತು ಹಾಕಿ ಗಮನಿಸಿದರು. 2021ರಲ್ಲಿ ಅವರು ಪ್ರಕಟಿಸಿದ್ದು ಇದು: ಮರಿಗಳೆಲ್ಲ, ಹೆಣ್ಣಾದರೂ, ಮೊದಲು ಗಂಡಿನ ವೇಷವನ್ನೇ ತೊಡುತ್ತವೆ. ಬೆಳೆದ ಮೇಲೆ ಹೆಚ್ಚಿನ ಹೆಣ್ಣುಗಳು ಹಸಿರು ಬೆನ್ನಿನ ಮಂಕು ಬಣ್ಣಕ್ಕೆ ತಿರುಗುತ್ತವೆ. ಸುಮಾರು ಐದರಲ್ಲೊಂದು ಹೆಣ್ಣು ಮಾತ್ರ ನೀಲಿಯನ್ನು ಬಿಟ್ಟುಕೊಡುವುದಿಲ್ಲ. ಇದು ಗಂಡನ್ನು ಮರುಳು ಮಾಡುವ ಸಿಂಗಾರವೇ ಎಂದರೆ, ಅಲ್ಲ. ಸತ್ತ ಹಕ್ಕಿಗಳ ಬೊಂಬೆಗಳನ್ನು ಇಟ್ಟು ನೋಡಿದಾಗ ಗಂಡುಗಳು ಒಲಿದು ಹೋದದ್ದು ಮಂಕು ಬಣ್ಣದವುಗಳ ಬಳಿಗೆ. ನೀಲಿ ತೊಟ್ಟ ಹೆಣ್ಣಿಗೆ ಸಿಗುವ ಲಾಭ ಬೇರೆ: ಅದನ್ನು ಅಟ್ಟಿಸಿಕೊಂಡು ಹೋಗಿ ಕಾಡುವವರು ಕಡಿಮೆ, ಸಕ್ಕರೆ ನೀರು ಕುಡಿಯಲು ಸಿಗುವ ಸಮಯ ಹೆಚ್ಚು. ಬಸ್ಸಿನಲ್ಲಿ ಒಂಟಿಯಾಗಿ ಓಡಾಡುವ ಯಾವ ಹೆಣ್ಣುಮಗಳಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ನಿನ್ನ ತೀರ್ಪಿಗೆ ನನ್ನ ಮೇಲ್ಮನವಿ. ಬಾಟಲಿಯ ಬಳಿ ತೆಗೆದ ಆ ನೀಲಿ ಹಕ್ಕಿ ಗಂಡೋ ಹೆಣ್ಣೋ ನನಗೂ ಹೇಳಲಾಗದು. ಕಂದು ಹಕ್ಕಿಯ ಫೋಟೊ ತೆಗೆದದ್ದು ಅದು ತನ್ನ ಕಡ್ಡಿಯ ಮೇಲೆ ಕುಳಿತು ಹಾಡುತ್ತಿದ್ದಾಗ. ಅದಂತೂ ಗಂಡು.

ನಿನ್ನವ